ಮಾಲ್ಟಾದಲ್ಲಿ ಗ್ಲಾಸು ಚಹಾ ಹುಡುಕಿದ್ದು

ಹುಬ್ಬಳ್ಳಿ ಕಡೆಯವರು ಚಹಾ ಎಂದರೆ ಯಾವುದನ್ನು ಎಂಬುದನ್ನು ಮೊದಲೇ ಹೇಳದಿದ್ದರೆ, ಮಾಲ್ಟಾದಲ್ಲಿ ನಾನು ನಾಲ್ಕು ದಿನ ಪಟ್ಟ ಪಾಡು ಓದುವವರಿಗೆ ಬರೀ ಹಟದಂತೆ ಕಂಡೀತು. ನೀರು, ಹಾಲು, ಸಕ್ಕರೆ, ಚಹಾಪುಡಿ ಈ ನಾಲ್ಕನ್ನೂ ಒಂದೇ ಪಾತೇಲಿಗೆ ಹಾಕಿ, ಎರಡು ಮೂರು ಸಲ ಉಕ್ಕಿ ಬರುವ ತನಕ ಕುದಿಸಿ, ಸೋಸಿ, ಗಿಡ್ಡ ಗಾಜಿನ ಗ್ಲಾಸಿಗೆ ಸುರಿದದ್ದು ಮಾತ್ರ ನಮಗೆ ಚಹಾ. ಗಿರ್ಮಿಟ್ ಮತ್ತು ಮಿರ್ಚಿಯ ಜೊತೆ ಸಂಜೆ ಕುಡಿಯುವುದೂ ಅದೇ, ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುವುದೂ ಅದೇ. ಬಿಸಿನೀರಿನಲ್ಲಿ ಪೊಟ್ಟಣ ಅದ್ದಿ ತೆಗೆದು ಮೇಲೆ ತಣ್ಣನೆಯ ಹಾಲು ಹೊಯ್ದುಕೊಂಡರೆ ಆಗುವುದು ಬೇರೆ ಏನೋ ಒಂದು. ಅದನ್ನು ಕುಡಿಯುವವರ ಬಗ್ಗೆ ನನ್ನ ತಕರಾರೇನೂ ಇಲ್ಲ, ಆದರೆ ಅದು ಚಹಾ ಅಲ್ಲ.

ಈ ಕುದಿಸುವ ಹಟಕ್ಕೆ ನನ್ನ ಮಟ್ಟಿಗೆ ನಾಲಿಗೆಯ ರೂಢಿಯೊಂದೇ ಕಾರಣವಲ್ಲ. ನಾನು ಪಶುವೈದ್ಯ. ಸರ್ಕಾರಿ ನೌಕರಿಯ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಧಾರವಾಡ, ಹಾವೇರಿ, ಗದಗ ಸುತ್ತಿನ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಕಳೆದವನು. ದನಗಳು, ಕುರಿಗಳು, ಆಡುಗಳು ದಿನ ತುಂಬುವ ಮೊದಲೇ ಕಂದು ಹಾಕುವ ರೋಗವೊಂದಿದೆ. ಅದಕ್ಕೆ ಬ್ರುಸೆಲ್ಲೋಸಿಸ್ ಎಂದು ಹೆಸರು. ರೋಗವಿರುವ ಪಶುವಿನ ಹಸಿ ಹಾಲು ಕುಡಿದ ಮನುಷ್ಯನಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಏರಿಳಿಯುವ ಜ್ವರ, ಕೀಲುನೋವು, ರಾತ್ರಿ ಬೆವರು ಅಂಟಿಕೊಳ್ಳುತ್ತವೆ. ‘ಹಾಲು ಕುದಿಸಿ ಕುಡಿಯಿರಿ’ ಎಂದು ಊರೂರಿನಲ್ಲಿ ಹೇಳುತ್ತ ಹೇಳುತ್ತ, ಕುದಿಯದ ಹಾಲಿನ ವಾಸನೆಯೇ ನನಗೆ ಆಗದಂತಾಗಿಬಿಟ್ಟಿದೆ. ಯುರೋಪಿನ ಅಂಗಡಿಗಳ ಹಾಲು ಪ್ಯಾಶ್ಚರೀಕರಿಸಿದ್ದು, ಅದರಿಂದ ಯಾವ ಅಪಾಯವೂ ಇಲ್ಲ ಎಂಬುದು ಬುದ್ಧಿಗೆ ಗೊತ್ತಿದೆ. ಮೂಗು ಮಾತ್ರ ಒಪ್ಪುವುದಿಲ್ಲ.

ವಿಚಿತ್ರವೆಂದರೆ, ಮಾಲ್ಟಾ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಭೂಗೋಳದ ಪಾಠದಲ್ಲಲ್ಲ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತರಗತಿಯಲ್ಲಿ. ಈ ರೋಗಕ್ಕೆ ಹಳೆಯ ಹೆಸರೇ ಮಾಲ್ಟಾ ಜ್ವರ. ಆಡು ಕುರಿಗಳಿಂದ ಬರುವ ರೋಗಾಣುವಿಗೆ ಬ್ರುಸೆಲ್ಲಾ ಮೆಲಿಟೆನ್ಸಿಸ್ ಎನ್ನುತ್ತಾರೆ. ಮೆಲಿಟಾ ಎಂಬುದು ರೋಮನ್ನರು ಈ ದ್ವೀಪಕ್ಕೆ ಇಟ್ಟಿದ್ದ ಹೆಸರು. ಹಾಗಾಗಿ ಜರ್ಮನಿಯಲ್ಲಿರುವ ಮಗ ಫೆಬ್ರವರಿಯಲ್ಲಿ ನಮ್ಮಿಬ್ಬರಿಗೂ ಆರು ದಿನಗಳ ಮಾಲ್ಟಾ ಪ್ರವಾಸದ ಟಿಕೆಟು ತೆಗೆಸಿದಾಗ ನನಗೆ ನೆನಪಾದದ್ದು ಸಮುದ್ರವಲ್ಲ, ಆಡುಗಳು. ಹುಬ್ಬಳ್ಳಿಯಿಂದ ಒಯ್ದಿದ್ದ ಚಹಾಪುಡಿ ಮಗನ ಮನೆಯಲ್ಲೇ ಮುಗಿದುಹೋಗಿತ್ತು. ‘ಇಂಗ್ಲಿಷರು ನೂರೈವತ್ತು ವರ್ಷ ಆಳಿದ ಊರು, ಅಲ್ಲಿ ಚಹಾಕ್ಕೇನು ಬರ?’ ಎಂದು ಹೆಂಡತಿಗೆ ಧೈರ್ಯ ಹೇಳಿ ವಿಮಾನ ಹತ್ತಿದೆ.

ಮಾಲ್ಟಾ ಬಹಳ ಸಣ್ಣ ದೇಶ. ಮಾಲ್ಟಾ, ಗೋಜೋ, ಕಮೀನೋ ದ್ವೀಪಗಳನ್ನೆಲ್ಲ ಸೇರಿಸಿದರೂ 316 ಚದರ ಕಿಲೋಮೀಟರು. ನಮ್ಮ ಧಾರವಾಡ ಜಿಲ್ಲೆಯಲ್ಲಿ ಇಂಥ ಹದಿಮೂರು ದೇಶಗಳು ಹಿಡಿಸುತ್ತವೆ. ಜನಸಂಖ್ಯೆ ಐದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ, ಅಂದರೆ ಹುಬ್ಬಳ್ಳಿ–ಧಾರವಾಡ ಅವಳಿ ನಗರಕ್ಕಿಂತ ಕಡಿಮೆ. 1964ರಲ್ಲಿ ಸ್ವತಂತ್ರವಾದರೂ ವಾಹನಗಳು ಈಗಲೂ ರಸ್ತೆಯ ಎಡಕ್ಕೇ ಓಡುತ್ತವೆ, ಗೋಡೆಯಲ್ಲಿ ಬ್ರಿಟಿಷರ ಮೂರು ಚೌಕ ಕಡ್ಡಿಯ ಪ್ಲಗ್ಗುಗಳಿವೆ, ಬೀದಿಯಲ್ಲಿ ಕೆಂಪು ಅಂಚೆಪೆಟ್ಟಿಗೆಗಳಿವೆ. ಇವನ್ನೆಲ್ಲ ವಿಮಾನ ನಿಲ್ದಾಣದಿಂದ ಸ್ಲೀಮಾಕ್ಕೆ ಹೋಗುವ ದಾರಿಯಲ್ಲೇ ಕಂಡು ನನ್ನ ಧೈರ್ಯ ಇನ್ನಷ್ಟು ಹೆಚ್ಚಿತು. ಇಷ್ಟೆಲ್ಲ ಬಿಟ್ಟು ಹೋದವರು ಚಹಾ ಬಿಟ್ಟು ಹೋಗಿರುವುದಿಲ್ಲವೇ?

ಹೋಟೆಲಿನ ಕೋಣೆಯಲ್ಲಿ ಕೆಟಲ್ಲು, ನಾಲ್ಕು ಪೊಟ್ಟಣ ಚಹಾ, ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಲು ಇದ್ದವು. ಹೆಂಡತಿ ಮೂರು ಪೊಟ್ಟಣಗಳನ್ನು ಒಟ್ಟಿಗೆ ಹಾಕಿ, ಹತ್ತು ನಿಮಿಷ ಬಿಟ್ಟು, ಹಾಲು ಬೆರೆಸಿದಳು. ಒಂದು ಗುಟುಕು ಕುಡಿದು ಕಪ್ಪನ್ನು ಕೆಳಗಿಟ್ಟಳು. ‘ಏನ್ರೀ, ಅಕ್ಕಿ ತೊಳದ ನೀರಿಗೆ ಬಣ್ಣಾ ಹಾಕಿದಂಗ ಆಗೇದ ನೋಡ್ರಿ. ಮ್ಯಾಲ ಉಪ್ಪ ಉಪ್ಪ.’ ಉಪ್ಪಿನ ಮಾತು ನಿಜವಾಗಿತ್ತು. ಈ ದೇಶದಲ್ಲಿ ನದಿಯಿಲ್ಲ, ಕೆರೆಯಿಲ್ಲ. ನಲ್ಲಿಯಲ್ಲಿ ಬರುವ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸಮುದ್ರದ್ದು. ಅದನ್ನು ರಿವರ್ಸ್ ಆಸ್ಮೋಸಿಸ್ ಸ್ಥಾವರಗಳಲ್ಲಿ ಒತ್ತಿ ಉಪ್ಪು ತೆಗೆದು, ಅಂತರ್ಜಲದ ಜೊತೆ ಬೆರೆಸಿ ಊರಿಗೆ ಬಿಡುತ್ತಾರೆ. ಅಂತರ್ಜಲವನ್ನೋ ಮಿತಿಮೀರಿ ಎತ್ತಿದ್ದರಿಂದ ಅದಕ್ಕೂ ಸಮುದ್ರದ ಉಪ್ಪು ಸೇರಿಕೊಂಡಿದೆ. ಕುಡಿಯಲು ತೊಂದರೆಯಿಲ್ಲ, ಆದರೆ ಚಹಾ ನೀರಿನ ಗುಟ್ಟನ್ನು ಬಚ್ಚಿಡುವ ಪಾನೀಯವಲ್ಲ. ಮರುದಿನ ಬಾಟಲಿ ನೀರು ತಂದು ಮಾಡಿದೆವು. ಉಪ್ಪು ಹೋಯಿತು, ಅಕ್ಕಿ ತೊಳೆದ ನೀರು ಹಾಗೇ ಉಳಿಯಿತು.

ಎರಡನೆಯ ದಿನ ಹುಡುಕಾಟ ಬೀದಿಗೆ ಬಂತು. ಸ್ಲೀಮಾದ ಕಡಲದಂಡೆಯುದ್ದಕ್ಕೂ ಕೆಫೆಗಳಿವೆ. ಮೊದಲನೆಯದರಲ್ಲಿ ಹಾಲು ಹಾಕಿದ ಚಹಾ ಕೇಳಿದೆ; ಪಿಂಗಾಣಿ ಕುಡಿಕೆಯಲ್ಲಿ ಬಿಸಿನೀರು, ತಟ್ಟೆಯ ಅಂಚಿನಲ್ಲಿ ಒಣ ಪೊಟ್ಟಣ, ಪುಟ್ಟ ಹೂಜಿಯಲ್ಲಿ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲು ಬಂದವು. ಹಾಲನ್ನು ಬಿಸಿ ಮಾಡಿ ಕೊಡಲು ಕೇಳಿಕೊಂಡಾಗ ಕಾಫಿ ಯಂತ್ರದ ಹಬೆಯಲ್ಲಿ ನೊರೆಯೆಬ್ಬಿಸಿ ತಂದರು. ಹಬೆ ಹೊಡೆದ ಹಾಲು ಕುದಿದ ಹಾಲಲ್ಲ. ಅದು ನೊರೆಗೆ ತಕ್ಕಷ್ಟು ಬಿಸಿಯಾಗಿ ನಿಂತುಬಿಡುತ್ತದೆ. ಎರಡನೆಯ ಕಡೆ ಫಲಕದಲ್ಲಿ ‘ಚಾಯ್ ಲಾಟೆ’ ಎಂದಿತ್ತು. ನಮ್ಮ ಶಬ್ದವೇ ಅಲ್ಲವೇ ಎಂದು ನಂಬಿ ಕುಳಿತರೆ, ಬಂದದ್ದು ದಾಲ್ಚಿನ್ನಿಯ ಪಾಕವನ್ನು ಹಾಲಿಗೆ ಬೆರೆಸಿದ ಒಂದು ಸಿಹಿ. ಅದರಲ್ಲಿ ಚಹಾ ಎಲ್ಲಿತ್ತೆಂದು ಹುಡುಕಲು ಇನ್ನೊಂದು ಪ್ರವಾಸ ಬೇಕಾಗುತ್ತಿತ್ತು. ಮೂರನೆಯದು ಭಾರತೀಯ ಊಟದ ಹೋಟೆಲು. ಅಲ್ಲಿ ಮಸಾಲಾ ಚಹಾ ಎಂದು ಕೊಟ್ಟದ್ದು ಡಬ್ಬಿಯ ಪುಡಿಗೆ ಬಿಸಿನೀರು ಸುರಿದದ್ದು. ಬಡಿಸುತ್ತಿದ್ದ ಹುಡುಗ ನಮ್ಮ ಮುಖ ನೋಡಿ ತಾನೇ ನಾಚಿಕೊಂಡ.

ಈ ನಡುವೆ ಹೆಂಡತಿಗೆ ಮಾತ್ರ ತನ್ನ ಪಾನೀಯ ಸಿಕ್ಕಿತು. ಕಿನ್ನೀ ಎಂಬುದು ಮಾಲ್ಟಾದವರದೇ ತಂಪು ಪಾನೀಯ. ಕಹಿ ಕಿತ್ತಳೆ ಮತ್ತು ಕೆಲವು ಗಿಡಮೂಲಿಕೆಗಳಿಂದ 1952ರಿಂದ ತಯಾರಾಗುತ್ತಿದೆ. ಕಂದು ಬಣ್ಣ, ಮೊದಲು ಸಿಹಿ, ಆಮೇಲೆ ಗಂಟಲಲ್ಲಿ ನಿಲ್ಲುವ ಕಹಿ. ನನಗೆ ಅದು ಔಷಧದಂತೆ ಕಂಡಿತು. ಅವಳು ದಿನಕ್ಕೊಂದು ಬಾಟಲಿ ಕುಡಿದಳು, ಮತ್ತು ‘ಬಂದ ಊರಿನ್ದು ಕುಡೀಬೇಕ್ರಿ, ನಿಮ್ಮಂಗ ಹುಬ್ಬಳ್ಳಿ ಹುಡುಕ್ಕೋತ ತಿರಗಬಾರದು’ ಎಂದು ಬುದ್ಧಿಯನ್ನೂ ಹೇಳಿದಳು. ನಾನು ಸೋಲೊಪ್ಪಿಕೊಂಡು ಒಂದು ಹಳೆಯ ಕೆಫೆಯಲ್ಲಿ ಮಾಲ್ಟಾದ ಕಾಫಿಯನ್ನಾದರೂ ಕುಡಿದು ನೋಡಿದೆ. ಅದಕ್ಕೆ ಚಿಕೋರಿ, ಲವಂಗ, ಸೋಂಪಿನ ಜಾತಿಯ ಕಾಳು ಹಾಕುತ್ತಾರೆ. ಚಿಕೋರಿಯ ಘಾಟು ಬಂದದ್ದೇ ಮೈಸೂರಿನ ಬೀಗರ ಮನೆಯ ಅಡುಗೆಮನೆ ಕಣ್ಣಮುಂದೆ ಬಂತು. ಕಾಫಿಯವರಿಗೆ ಈ ದೇಶ ಮೋಸ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಆದರೆ ನಾನು ಕಾಫಿಯವನಲ್ಲ.

ಮೂರನೆಯ ದಿನ ಫೆಬ್ರವರಿ 10. ಸಂತ ಪೌಲನ ಹಡಗು ಮಾಲ್ಟಾದ ತೀರದಲ್ಲಿ ಒಡೆದದ್ದರ ನೆನಪಿನ ಹಬ್ಬ ಅಂದು, ದೇಶಕ್ಕೆಲ್ಲ ರಜೆ. ಸ್ಲೀಮಾದಿಂದ ದೋಣಿಯಲ್ಲಿ ಕೊಲ್ಲಿಯನ್ನು ದಾಟಿದರೆ ಹತ್ತೇ ನಿಮಿಷಕ್ಕೆ ರಾಜಧಾನಿ ವಲ್ಲೆಟ್ಟಾ. ಕಟ್ಟಿಗೆಯ ಬಣ್ಣದ ಮುಚ್ಚು ಬಾಲ್ಕನಿಗಳಿಂದ ಕಾಗದದ ಚೂರುಗಳು ಬೀದಿಗೆ ಸುರಿಯುತ್ತಿದ್ದವು, ವಾದ್ಯದ ತಂಡಗಳು ನುಡಿಸುತ್ತಿದ್ದವು, ಚಹಾದ ವಿಚಾರಣೆಗೆ ಬೇಕಾದ ಅಂಗಡಿಗಳು ಮಾತ್ರ ಬಾಗಿಲೆಳೆದಿದ್ದವು. ಸಂಜೆ ವಾಪಸು ಬಂದಾಗ ಹೋಟೆಲಿನ ಮುಂದೆ ಊಟದ ಪೆಟ್ಟಿಗೆ ಕಟ್ಟಿದ ಸ್ಕೂಟರುಗಳ ಪಕ್ಕ ನಾಲ್ಕು ಹುಡುಗರು ನಿಂತಿದ್ದರು. ಇಬ್ಬರು ಕೇರಳದವರು, ಇಬ್ಬರು ಪಂಜಾಬಿನವರು. ಒಳ್ಳೆಯ ಚಹಾ ಎಲ್ಲಿ ಸಿಗುತ್ತದೆಂದು ಕೇಳಿದೆ. ‘ನಮ್ಮ ರೂಮಿನಲ್ಲಿ ಸಿಗುತ್ತದೆ ಅಂಕಲ್’ ಎಂದ ಒಬ್ಬ. ಆರು ಜನ ಒಂದು ಮನೆಯಲ್ಲಿ ಇರುತ್ತಾರಂತೆ, ರಾತ್ರಿ ಕೆಲಸ ಮುಗಿಸಿ ಹನ್ನೆರಡಕ್ಕೆ ದೊಡ್ಡ ಪಾತ್ರೆಯಲ್ಲಿ ಕಾಯಿಸಿಕೊಳ್ಳುತ್ತಾರಂತೆ, ಬನ್ನಿ ಎಂದು ಮನಸಾರೆ ಕರೆದ. ದಣಿದು ಬಂದ ಹುಡುಗರ ಪಾಲಿಗೆ ಕೈಯೊಡ್ಡಲು ಮನಸ್ಸು ಬರಲಿಲ್ಲ. ಆ ಕರೆಯನ್ನು ಮಾತ್ರ ನಾನು ಮರೆತಿಲ್ಲ.

ನಾಲ್ಕನೆಯ ದಿನ ವಲ್ಲೆಟ್ಟಾಕ್ಕೆ ಮತ್ತೆ ಹೋದದ್ದು ಚಹಾಕ್ಕಾಗಿ ಅಲ್ಲ. ಮರ್ಚೆಂಟ್ಸ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಕಾಸ್ಟೆಲಾನಿಯಾ ಎಂಬ ಹಳೆಯ ನ್ಯಾಯಾಲಯದ ಕಟ್ಟಡವಿದೆ, ಈಗ ಅದು ಆರೋಗ್ಯ ಸಚಿವಾಲಯ. ತೆಮಿಸ್ತೊಕ್ಲೆಸ್ ಝಮ್ಮಿತ್ ಎಂಬ ಮಾಲ್ಟಾದ ವೈದ್ಯನ ಪ್ರಯೋಗಾಲಯ ಇದ್ದದ್ದು ಅಲ್ಲಿ. ಬ್ರಿಟಿಷ್ ಸೇನೆಯ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ, ಈ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದ. ಆದರೆ ಅದು ಮನುಷ್ಯನೊಳಗೆ ಹೇಗೆ ಹೊಗುತ್ತದೆಂಬುದು ಮುಂದೆ ಹದಿನೆಂಟು ವರ್ಷ ತಿಳಿಯಲಿಲ್ಲ. ಗಾಳಿ ಎಂದರು, ಚರಂಡಿ ಎಂದರು, ಸೊಳ್ಳೆ ಎಂದರು. 1905ರಲ್ಲಿ ಝಮ್ಮಿತ್ ಆಡುಗಳ ರಕ್ತ ಪರೀಕ್ಷೆ ಮಾಡಿ ನೋಡಿದರೆ, ಯಾವ ಕಾಯಿಲೆಯೂ ಇಲ್ಲದಂತೆ ಚೆನ್ನಾಗಿ ಮೇಯ್ದುಕೊಂಡಿದ್ದ ಆಡುಗಳೇ ಆ ರೋಗಾಣುವಿನ ಮನೆಯಾಗಿದ್ದವು. ಹಾಲಿನ ಮೂಲಕ ಅದು ಊರಿಗೆಲ್ಲ ಹಂಚಿಹೋಗುತ್ತಿತ್ತು. ಅದೇ ವರ್ಷ ಮಾಲ್ಟಾದಿಂದ ಅಮೆರಿಕೆಗೆ ಆಡುಗಳನ್ನು ಒಯ್ಯುತ್ತಿದ್ದ ಹಡಗಿನಲ್ಲಿ ಹಸಿ ಹಾಲು ಕುಡಿದ ನಾವಿಕರು ಜ್ವರ ಬಿದ್ದದ್ದು ಈ ಮಾತಿಗೆ ಪುರಾವೆಯಾಯಿತು. 1906ರಲ್ಲಿ ಸೇನೆಯವರು ಆಡಿನ ಹಾಲನ್ನು ನಿಲ್ಲಿಸಿ ಡಬ್ಬಿಯ ಹಾಲು ಕೊಡತೊಡಗಿದ್ದೇ ತಡ, ದಂಡಿನಲ್ಲಿ ಜ್ವರದ ಪ್ರಕರಣಗಳು ಥಟ್ಟನೆ ಇಳಿದುಬಿಟ್ಟವು. ಪಾಠದಲ್ಲಿ ಓದಿದ ಈ ಸಂಗತಿ ನಡೆದ ಬಾಗಿಲ ಮುಂದೆ ನಿಂತು ಕೈಮುಗಿಯಬೇಕೆನಿಸಿತು. ಬೀದಿಯಲ್ಲಿ ಜನರಿದ್ದರು, ಟೋಪಿ ತೆಗೆದು ಸುಮ್ಮನಾದೆ. ‘ಡಬ್ಬಿಯ ಹಾಲು’ ಎಂಬ ಆ ಎರಡು ಶಬ್ದಗಳು ನನ್ನ ಹುಡುಕಾಟಕ್ಕೆ ಎಷ್ಟು ಹತ್ತಿರದವು ಎಂಬುದು ಆಗ ಹೊಳೆಯಲಿಲ್ಲ.

ಅದೇ ಬೀದಿಯಲ್ಲಿ ಸ್ವಲ್ಪ ಮುಂದೆ ಒಂದು ಬಟ್ಟೆಯಂಗಡಿ. ಹೆಂಡತಿ ಮೇಜುವಸ್ತ್ರದ ಬೆಲೆ ಕೇಳುತ್ತಿದ್ದಾಗ ಒಳಗಿನಿಂದ ಬಂದ ಹಿರಿಯರು ಹಿಂದಿಯಲ್ಲಿ ‘ಯಾವ ಊರು ಬೆಹನ್‌ಜೀ?’ ಎಂದರು. ಸಿಂಧಿಗಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಾಲ್ಟಾಕ್ಕೆ ಬಂದು ವ್ಯಾಪಾರಕ್ಕೆ ಕುಳಿತ ಸಿಂಧಿ ಮನೆತನಗಳ ಮಾತು ಕೇಳಿದ್ದೆ. ಇವರು ಅಂಥ ಒಂದು ಮನೆಯವರು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಗಿರಾಕಿಗಳ ಜೊತೆ ಮಾಲ್ಟೀಸ್, ಮಗನ ಜೊತೆ ಸಿಂಧಿ, ನಮ್ಮ ಜೊತೆ ಹಿಂದಿ. ನನ್ನ ಹೆಂಡತಿ ನಗುತ್ತ ನನ್ನ ಚಹಾದ ಕಥೆಯನ್ನು ಹೇಳಿಬಿಟ್ಟಳು. ಅವರು ನಗಲಿಲ್ಲ. ಗಂಭೀರವಾಗಿ ನನ್ನತ್ತ ತಿರುಗಿ, ‘ನೀವು ಏನೆಂದು ಕೇಳಿದಿರಿ?’ ಎಂದರು. ಹಾಲಿನ ಚಹಾ ಎಂದು, ಚಾಯ್ ಎಂದು, ಭಾರತದ ಚಹಾ ಎಂದು ಇಂಗ್ಲಿಷಿನಲ್ಲಿ ಕೇಳಿದ್ದಾಗಿ ಹೇಳಿದೆ. ‘ಅದಕ್ಕೇ ಸಿಗಲಿಲ್ಲ ಭಾಯಿಸಾಹೇಬ್. ಪ್ರವಾಸಿಗೆ ಪ್ರವಾಸಿಯ ಚಹಾ ಕೊಡುತ್ತಾರೆ. ಹಳ್ಳಿಯ ಕಡೆ ಹೋಗಿ, ತೆ ಫಿತ್ ತಾತ್ಸಾ ಅನ್ನಿ.’

ಆ ಮೂರು ಶಬ್ದಗಳನ್ನು ಅವರು ಒಂದು ಬಿಲ್ಲಿನ ಹಿಂಬದಿಗೆ ಬರೆದುಕೊಟ್ಟು ಬಿಡಿಸಿ ಹೇಳಿದರು. ತೆ ಎಂದರೆ ಚಹಾ, ಫಿತ್ ಎಂದರೆ ಒಳಗೆ, ತಾತ್ಸಾ ಎಂದರೆ ಗಾಜಿನ ಗ್ಲಾಸು. ಇಟಲಿಯವರಿಗೆ ತಾತ್ಸಾ ಎಂದರೆ ಕಪ್ಪು. ಮಾಲ್ಟಾಕ್ಕೆ ಬಂದು ಅದು ಗ್ಲಾಸಾಯಿತು, ಕಪ್ಪಿಗೆ ಇವರಲ್ಲಿ ಕಿಕ್ರಾ ಎಂಬ ಬೇರೆ ಶಬ್ದವಿದೆ. ಮಾಲ್ಟೀಸ್ ಭಾಷೆಯ ಬೇರು ಅರಬ್ಬಿಯದು, ಲಿಪಿ ಮಾತ್ರ ರೋಮನ್. ಹಾಲಿಗೆ ಹಲೀಬ್, ಸಕ್ಕರೆಗೆ ತ್ಸೊಕ್ಕೊರ್. ಈ ತ್ಸೊಕ್ಕೊರ್ ಅರಬ್ಬಿಯ ಸುಕ್ಕರ್‌ನಿಂದ ಬಂದದ್ದು, ಸುಕ್ಕರ್‌ನ ಮೂಲ ನಮ್ಮ ಶರ್ಕರೆ. ನಮ್ಮಲ್ಲಿಂದ ಹೊರಟ ಶಬ್ದ ಈ ಬಂಡೆಯ ಮೇಲೆ ತ್ಸೊಕ್ಕೊರ್ ಆಗಿ ಕುಳಿತಿರುವಾಗ ಚಹಾ ಸಿಗದೇ ಹೋಗುವುದುಂಟೇ ಎಂದುಕೊಂಡೆ. ‘ದಯವಿಟ್ಟು’ ಎನ್ನಲು ‘ಯೆಕ್ ಯೊಜ್ಬೊಕ್’ ಎನ್ನಬೇಕಂತೆ. ಬಸ್ಸಿನಲ್ಲಿ ಅದನ್ನು ಉರುಹೊಡೆಯುತ್ತ ಹೋದೆ. ನನಗಿಂತ ಮೊದಲು ಹೆಂಡತಿಗೆ ಬಾಯಿಪಾಠವಾಯಿತು. ಮೇಜುವಸ್ತ್ರ ಕೊಳ್ಳದೆ ಬರುವುದು ಮರ್ಯಾದೆಯಲ್ಲವೆಂದು ಎರಡು ಕೊಂಡಿದ್ದೆವು.

ವಲ್ಲೆಟ್ಟಾದ ದ್ವಾರದ ಹೊರಗಿನ ಬಸ್ ನಿಲ್ದಾಣದಿಂದ 51, 52, 53ನೆಯ ನಂಬರಿನ ಬಸ್ಸುಗಳು ರಬಾತ್ ಎಂಬ ಊರಿಗೆ ಹೋಗುತ್ತವೆ. ನಾವು ಹೋದಾಗ ಚಳಿಗಾಲದ ದರ ತಲೆಗೆ ಎರಡು ಯೂರೋ ಇತ್ತು. ರಬಾತ್ ಎಂದರೆ ಅರಬ್ಬಿಯಲ್ಲಿ ಕೋಟೆಯ ಹೊರಗಿನ ಪೇಟೆ; ಕೋಟೆಯೊಳಗಿನದು ಇಮ್ದೀನಾ, ಹಳೆಯ ರಾಜಧಾನಿ. ಪ್ರವಾಸಿಗಳೆಲ್ಲ ಬಸ್ಸಿಳಿದು ಇಮ್ದೀನಾದ ಹೆಬ್ಬಾಗಿಲಿನತ್ತ ಹೊರಟರು. ನಾವು ಅದಕ್ಕೆ ಬೆನ್ನು ತಿರುಗಿಸಿ ಪೇಟೆಯ ಬೀದಿಗೆ ಹೊಕ್ಕೆವು. ಕ್ರಿಸ್ಟಲ್ ಪ್ಯಾಲೇಸ್ ಎಂದು ಫಲಕವಿದ್ದರೂ ಊರವರೆಲ್ಲ ಇಸ್-ಸೆರ್ಕಿನ್ ಎನ್ನುವ ಚಿಕ್ಕ ಅಂಗಡಿಯೊಂದು ಅಲ್ಲಿದೆ. ಪಸ್ತಿತ್ಸಿ ಎಂಬ ಪದರು ಪದರಾದ ತಿಂಡಿಗೆ ಅದು ಹೆಸರುವಾಸಿ. ಒಳಗೆ ಇಕ್ಕಟ್ಟಾದ ಮೇಜುಗಳು, ಒಲೆಯ ಕಾವು, ಗಟ್ಟಿ ದನಿಯ ಮಾತು; ಬಾಗಿಲಲ್ಲಿ ನಿಂತಾಗಲೇ ಕೊಪ್ಪೀಕರ ರಸ್ತೆಯ ಯಾವುದೋ ಚಹಾದಂಗಡಿಗೆ ಬಂದಂತೆ ಮೈ ಸಡಿಲಾಯಿತು. ಮೂಲೆಯ ಮೇಜಿನಲ್ಲಿ ಟೋಪಿ ಹಾಕಿದ ನಾಲ್ವರು ಅಜ್ಜಂದಿರು. ಅವರ ಮುಂದೆ ನಾಲ್ಕು ಗಾಜಿನ ಗ್ಲಾಸುಗಳು. ಗ್ಲಾಸಿನಲ್ಲಿ ನಮ್ಮ ಬಣ್ಣ.

ನಮ್ಮ ಬಣ್ಣ ಎಂದರೆ ಮಣ್ಣಿನ ಹೊಸ ಹೆಂಚಿಗೂ ಬೆಲ್ಲಕ್ಕೂ ನಡುವಿನ ಆ ಕೆಂಪು. ಪೊಟ್ಟಣದ ಚಹಾಕ್ಕೆ ತಣ್ಣನೆಯ ಹಾಲು ಬೆರೆಸಿದಾಗ ಬರುವ ಬೂದು ಅದಲ್ಲ. ‘ತೆ ಫಿತ್ ತಾತ್ಸಾ, ಯೆಕ್ ಯೊಜ್ಬೊಕ್’ ಎಂದಳು ಹೆಂಡತಿ, ಎರಡು ಬೆರಳೆತ್ತಿ. ಕಟ್ಟೆಯ ಹಿಂದಿನವನು ಹುಬ್ಬೇರಿಸಿದ, ನಕ್ಕ, ಏನನ್ನೂ ಮರುಕೇಳದೆ ಎರಡು ಗ್ಲಾಸು ಇಟ್ಟ. ಗ್ಲಾಸು ಕೈಸುಡುತ್ತಿತ್ತು, ಅಂಚನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿದೆ. ಗಟ್ಟಿಯಾಗಿತ್ತು, ಸಿಹಿಯಾಗಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಕಾದ ಹಾಲಿನ ರುಚಿ ಇತ್ತು. ಶುಂಠಿ ಇರಲಿಲ್ಲ, ಏಲಕ್ಕಿ ಇರಲಿಲ್ಲ; ಹುಬ್ಬಳ್ಳಿಯ ಚಹಾವೇ ಎಂದರೆ ಸುಳ್ಳಾದೀತು. ಆದರೆ ನಾಲ್ಕು ದಿನಗಳಲ್ಲಿ ಮೊದಲ ಸಲ ನಾನು ಕುಡಿದದ್ದು ಚಹಾ ಆಗಿತ್ತು. ಎರಡನೆಯ ಗ್ಲಾಸಿನ ಜೊತೆ ಬಟಾಣಿ ತುಂಬಿದ ಪಸ್ತಿತ್ಸಿಯನ್ನೂ ತೆಗೆದುಕೊಂಡೆ. ಮೆತ್ತಗೆ ಬೇಯಿಸಿ ನುರಿದ ಬಟಾಣಿ, ನಮ್ಮ ಸಾಂಬಾರ ಪುಡಿಯ ದೂರದ ನೆಂಟನಂಥ ಮಸಾಲೆಯ ವಾಸನೆ, ಕೈಯೆಲ್ಲ ಜಿಡ್ಡು. ಪದರಿಗೆ ಹಂದಿಯ ಕೊಬ್ಬು ಹಾಕುವ ಪದ್ಧತಿ ಈ ದೇಶದಲ್ಲಿ ಇತ್ತೆಂದು ಓದಿದ್ದ ಹೆಂಡತಿ ಅದನ್ನು ಮುಟ್ಟಲಿಲ್ಲ. ಜೀವಮಾನವೆಲ್ಲ ಕೊಟ್ಟಿಗೆಯಲ್ಲಿ ಕಳೆದ ನನಗೆ ಅಷ್ಟು ಮಡಿಯಿಲ್ಲ.

ಕುಡಿದಾಯಿತು, ಆದರೆ ಹೇಗೆ ಮಾಡಿದರೆಂಬುದು ತಿಳಿಯಲಿಲ್ಲ. ಐದನೆಯ ದಿನವನ್ನು ಅದಕ್ಕಾಗಿಯೇ ಇಟ್ಟೆವು. ಮಾಲ್ಟಾದ ಪ್ರತಿಯೊಂದು ಊರಿಗೂ ಒಂದೋ ಎರಡೋ ವಾದ್ಯವೃಂದದ ಕ್ಲಬ್ಬುಗಳಿರುತ್ತವೆ. ಊರ ಹಬ್ಬದಲ್ಲಿ ನುಡಿಸುವವರು ಅವರೇ, ಉಳಿದ ದಿನಗಳಲ್ಲಿ ಹಿರಿಯರು ಕುಳಿತು ಹರಟೆ ಹೊಡೆಯುವ ಜಾಗ ಅದೇ. ವಲ್ಲೆಟ್ಟಾದ ಹೊರಗಿನ ಹಮ್ರೂನ್ ಎಂಬ ಊರಿನ ಅಂಥ ಒಂದು ಕ್ಲಬ್ಬಿನ ಕಟ್ಟೆಯ ಎದುರು ನಿಂತು ಅದೇ ಮೂರು ಶಬ್ದ ಹೇಳಿದೆ. ಕಟ್ಟೆಯವನು ದೊಡ್ಡ ಕುಡಿಕೆಯಿಂದ ಕಾಡಿಗೆಯಂಥ ಕಪ್ಪು ಡಿಕಾಕ್ಷನ್ನನ್ನು ಗ್ಲಾಸಿನ ಮುಕ್ಕಾಲಿಗೆ ಸುರಿದ. ಆಮೇಲೆ, ಮುಚ್ಚಳಕ್ಕೆ ಎರಡು ತೂತು ಹೊಡೆದ ತಗಡಿನ ಡಬ್ಬಿಯೊಂದನ್ನು ತೆಗೆದು ಬಗ್ಗಿಸಿದ. ಕೆನೆಬಣ್ಣದ, ಮಂದವಾದ ಹಾಲು ಎಳೆಯಾಗಿ ಇಳಿಯಿತು. ಹಲೀಬ್ ತಾಲ್ ಬೊತ್, ಡಬ್ಬಿಯ ಹಾಲು!

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ; ಯಾಕೆಂದು ಅವರಿಗೆ ಹೇಳುವುದು ಕಷ್ಟವಾಯಿತು. ಡಬ್ಬಿಯ ಈ ಹಾಲನ್ನು ಮಾಡುವಾಗ ಅದರ ನೀರಿನಲ್ಲಿ ಶೇಕಡಾ 60ರಷ್ಟನ್ನು ಇಂಗಿಸುತ್ತಾರೆ, ಡಬ್ಬಿಗೆ ತುಂಬಿ ಮುಚ್ಚಿದ ಮೇಲೆ ಮತ್ತೆ ನೂರು ಡಿಗ್ರಿಗೂ ಮೀರಿದ ಕಾವಿನಲ್ಲಿ ಕಾಯಿಸುತ್ತಾರೆ. ಹಾಲಿನ ಸಕ್ಕರೆಯೂ ಪ್ರೋಟೀನೂ ಆ ಕಾವಿನಲ್ಲಿ ಒಂದನ್ನೊಂದು ಹಿಡಿದು ಬಣ್ಣ ಬದಲಿಸುತ್ತವೆ, ಕಾದ ಹಾಲಿನ ವಾಸನೆ ಹುಟ್ಟುತ್ತದೆ. ಅಂದರೆ ನಾವು ಪಾತೇಲಿಯಲ್ಲಿ ಉಕ್ಕಿಸಿ ಉಕ್ಕಿಸಿ ಮಾಡುವ ಕೆಲಸವನ್ನು ಇಲ್ಲಿ ಕಾರ್ಖಾನೆ ಮೊದಲೇ ಮಾಡಿ ಡಬ್ಬಿಯಲ್ಲಿ ಕಳಿಸಿರುತ್ತದೆ. ಇಲ್ಲಿಯವರು ಚಹಾವನ್ನು ಕುದಿಸದೆ ಕುದಿದ ಚಹಾ ಕುಡಿಯುತ್ತಾರೆ.

ನಾನು ಪಶುವೈದ್ಯನೆಂದು ತಿಳಿದ ಮೇಲೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಅವರ ತಾಯಿ ಹೇಳುತ್ತಿದ್ದ ಮಾತಂತೆ: ಹಾಲಿನವನು ಬೆಳಗ್ಗೆ ಆಡಿನ ಹಿಂಡನ್ನೇ ಬೀದಿಗೆ ಹೊಡೆದುಕೊಂಡು ಬಂದು, ಮನೆಯ ಬಾಗಿಲಲ್ಲೇ ಕರೆದುಕೊಡುತ್ತಿದ್ದ; ಮಹಡಿಯ ಮನೆಯವರಿಗೆ ಆಡುಗಳೇ ಮೆಟ್ಟಿಲು ಹತ್ತಿ ಹೋಗುತ್ತಿದ್ದವು. ಕಣ್ಣೆದುರು ಕರೆದ ಹಾಲಿಗೆ ನೀರು ಬೆರೆಸಲು ಬರುವುದಿಲ್ಲ ಎಂಬ ನಂಬಿಕೆ ಜನರದು. ಆ ನಂಬಿಕೆಯನ್ನು ನಾನು ಚೆನ್ನಾಗಿ ಬಲ್ಲೆ, ಹಳೇ ಹುಬ್ಬಳ್ಳಿಯಲ್ಲಿ ಎಮ್ಮೆ ಕರೆಯುವ ಕಡೆ ಚೊಂಬು ಹಿಡಿದು ನಿಲ್ಲುವವರ ನಂಬಿಕೆಯೂ ಅದೇ. ನೀರು ಕಣ್ಣಿಗೆ ಕಾಣುತ್ತದೆ, ರೋಗಾಣು ಕಾಣುವುದಿಲ್ಲ. ಝಮ್ಮಿತ್ ಕಂಡುಹಿಡಿದು ಮೂವತ್ತಮೂರು ವರ್ಷಗಳಾದ ಮೇಲೆ, 1938ರಲ್ಲಿ, ಇದೇ ಹಮ್ರೂನಿನಲ್ಲಿ ಸರ್ಕಾರ ಹಾಲು ಪ್ಯಾಶ್ಚರೀಕರಿಸುವ ಕೇಂದ್ರವನ್ನು ತೆರೆಯಿತು. ಡಬ್ಬಿಯ ಹಾಲು ಚಹಾದ ಗ್ಲಾಸಿಗೆ ಬಂದದ್ದಕ್ಕೂ ಮಾಲ್ಟಾ ಜ್ವರಕ್ಕೂ ನೇರ ನಂಟು ಇದೆಯೇ ಎಂದು ಕೇಳಿದೆ. ‘ಅದೆಲ್ಲ ನನಗೆ ಗೊತ್ತಿಲ್ಲ ಡಾಕ್ಟರೇ, ನಮ್ಮಮ್ಮ ಮಾತ್ರ ಡಬ್ಬಿಯ ಹಾಲನ್ನು ಬಿಟ್ಟು ಬೇರೆಯದನ್ನು ಚಹಾಕ್ಕೆ ಹಾಕಿದ್ದು ನೋಡಿಲ್ಲ’ ಎಂದರು. ಸಾಕ್ಷಿಯಾಗಿ ಅದು ಸಾಲದು. ನಂಟಿದೆ ಎಂದು ನಂಬುವುದು ನನಗೆ ಹಿತವಾಗಿತ್ತು, ನಂಬಿದೆ.

ಆರನೆಯ ದಿನ ಬೆಳಗ್ಗೆ ವಿಮಾನಕ್ಕೆ ಮೊದಲು ಸ್ಲೀಮಾದ ಕಿರಾಣಿ ಅಂಗಡಿಯಲ್ಲಿ ಅಂಥ ಎರಡು ಡಬ್ಬಿ ಹಾಲು ಕೊಂಡು ಮೇಜುವಸ್ತ್ರದೊಳಗೆ ಸುತ್ತಿ ಸೂಟ್‌ಕೇಸಿಗೆ ಹಾಕಿದೆ. ಒಂದನ್ನು ಮಗ ಇಟ್ಟುಕೊಂಡ. ಇನ್ನೊಂದು ಹುಬ್ಬಳ್ಳಿಯ ಅಡುಗೆಮನೆಯ ಮಾಡದಲ್ಲಿ ಮೂರು ತಿಂಗಳು ಕುಳಿತಿತ್ತು, ಮನೆಯಲ್ಲಿ ಎಮ್ಮೆಯ ಹಾಲು ಇರುವಾಗ ಅದರ ಗೊಡವೆ ಯಾರಿಗೆ? ಮೇ ತಿಂಗಳ ಒಂದು ಬೆಳಗ್ಗೆ ಹಾಲಿನವನು ಬರಲಿಲ್ಲ. ಹೆಂಡತಿ ಡಿಕಾಕ್ಷನ್ ಇಳಿಸಿದಳು, ನಾನು ಮೊಳೆಯಿಂದ ಡಬ್ಬಿಗೆ ಎರಡು ತೂತು ಹೊಡೆದೆ. ಬಣ್ಣ ಸರಿಯಾಗಿಯೇ ಬಂತು. ಅವಳು ಬಸಿಗೆ ಸುರಿದುಕೊಂಡು ಎರಡು ಸಲ ಸುರ್ ಎಂದಳು.

‘ರಬಾತಿನ್ದು ಇದಕ್ಕಿಂತ ಛಲೋ ಇತ್ರಿ’ ಎಂದು, ಎದ್ದು ಶುಂಠಿ ಜಜ್ಜಲು ಹೋದಳು.